ಬೆಲೆಯೂ ಋಣವೂ

ಜೀವನವೆಚ್ಚವು ಏರಿತೆಂಬ ದೂರು ಎಲ್ಲ ಕಾಲಕ್ಕೂ ಎಲ್ಲ ಊರಿಗೂ ಸಾಮಾನ್ಯವಾದುದು. ಆದರೂ ಕೆಲವು ವರ್ಷಗಳಲ್ಲಿ ಆ ದೂರಿಗೆ ವಿಶೇಷವಾದ ಆಧಾರವಿರುತ್ತದೆ. 2025ರ ಮೊದಲ ನಾಲ್ಕು ತಿಂಗಳುಗಳೊಳಗೆ ಬೆಂಗಳೂರಿನಲ್ಲಿ ನಗರಸಾರಿಗೆಯ ಬಸ್ಸಿನ ದರವು ಶೇಕಡಾ 15ರಷ್ಟು ಹೆಚ್ಚಿತು. ಮೆಟ್ರೋ ರೈಲಿನ ಗರಿಷ್ಠ ದರವು 60 ರೂಪಾಯಿಯಿಂದ 90 ರೂಪಾಯಿಗೆ ಏರಿತು. ನಂದಿನಿ ಹಾಲಿಗೆ ಲೀಟರಿಗೆ 4 ರೂಪಾಯಿ ಕೂಡಿತು. ನಲ್ಲಿಯ ನೀರಿನ ದರವೂ ಬೆಳೆಯಿತು. ತಿಂಗಳ ಕೊನೆಯಲ್ಲಿ ಲೆಕ್ಕದ ಪುಸ್ತಕವನ್ನು ಬಿಡಿಸಿ ಕುಳಿತ ಗೃಹಸ್ಥನು ನಿಟ್ಟುಸಿರಿಟ್ಟರೆ ಅದು ಸುಳ್ಳು ನಿಟ್ಟುಸಿರಲ್ಲ. ಆದರೆ ದೂರುವುದು ಬೇರೆ, ವಿಚಾರಿಸುವುದು ಬೇರೆ. ಜೀವನವು ದುಬಾರಿಯಾಯಿತೆಂದಾಗ ಅದು ಯಾರ ಜೀವನ, ಅವರು ತೆರುವ ಹೆಚ್ಚಿನ ಹಣವು ಯಾರನ್ನು ಸೇರುವುದು ಎಂಬ ಎರಡು ಪ್ರಶ್ನೆಗಳು ಏಳತಕ್ಕವು. ಅವುಗಳನ್ನು ಕೇಳಿಕೊಂಡೊಡನೆ ಬೆಲೆಯ ವಿಷಯವು ಅರ್ಥಶಾಸ್ತ್ರದ ಅಂಗಳವನ್ನು ದಾಟಿ ಧರ್ಮವಿಚಾರದ ಅಂಗಳಕ್ಕೆ ಬಂದು ನಿಲ್ಲುವುದು.

ತುಟ್ಟಿಯೆಂಬುದು ಮಳೆಬಿಸಿಲುಗಳಂತೆ ತಾನಾಗಿ ಬರುವುದೆಂದು ಬಹುಜನರ ಭಾವನೆ. ಮಳೆಗೆ ಕರ್ತೃವಿಲ್ಲ, ಬೆಲೆಗೆ ಹಾಗಲ್ಲ. ಕೊಡುವವನೊಬ್ಬನಿಲ್ಲದೆ, ಪಡೆಯುವವನೊಬ್ಬನಿಲ್ಲದೆ ಬೆಲೆಯೆಂಬುದೇ ಇಲ್ಲ. ಒಬ್ಬನಿಗೆ ಅಗ್ಗವಾದುದು ಎಷ್ಟೋ ಸಲ ಮತ್ತೊಬ್ಬನಿಗೆ ತುಟ್ಟಿಯಾಗಿಯೇ ಇರುತ್ತದೆ. ಈ ಸಂಬಂಧವು ಬೆಂಗಳೂರಿನ ದಂಡು ಪ್ರದೇಶದಲ್ಲಿಯೂ ಅದರ ಪೂರ್ವದ ಬಡಾವಣೆಗಳಲ್ಲಿಯೂ ಕಾಣುವಷ್ಟು ಸ್ಪಷ್ಟವಾಗಿ ಬೇರೆಡೆಯಲ್ಲಿ ಕಾಣುವುದು ಅಪರೂಪ.

1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಬಳಿಕ ಇಂಗ್ಲಿಷರ ಸೇನೆಯು ಅಲ್ಲಿ ಜ್ವರದಿಂದ ಬಳಲಿತು. 1809ರ ಸುಮಾರಿಗೆ ಹಲಸೂರಿನ ಬಳಿಯಲ್ಲಿ ದಂಡು ನೆಲೆಗೊಂಡಿತು. ಅಧಿಕಾರಿಗಳಿಗೆ ವಿಶಾಲವಾದ ತೋಟಗಳ ನಡುವೆ ಬಂಗಲೆಗಳು ಎದ್ದವು. ಬಂಗಲೆಯೊಂದು ನಡೆಯಬೇಕಾದರೆ ಅಡಿಗೆಯವನು, ಅಗಸನು, ಕುದುರೆಯ ಸವಾರಿಯಾಳು, ದರ್ಜಿ, ಕಟುಕ, ತರಕಾರಿಯವನು ಎಲ್ಲರೂ ಬೇಕು. ಅವರು ತಮಿಳು ಸೀಮೆಯಿಂದಲೂ ತೆಲುಗು ಸೀಮೆಯಿಂದಲೂ ಬಂದು, ಈಗ ಶಿವಾಜಿನಗರವೆಂದು ಹೆಸರಾದ ಅಂದಿನ ಬ್ಲ್ಯಾಕ್‌ಪಲ್ಲಿಯಲ್ಲಿಯೂ ಹಲಸೂರಿನ ಓಣಿಗಳಲ್ಲಿಯೂ ಒತ್ತೊತ್ತಾಗಿ ಮನೆಮಾಡಿದರು. ಒಡೆಯನಿಗೂ ಆಳಿಗೂ ನಡುವೆ ಇದ್ದ ಅಂತರವು ಬಣ್ಣದಲ್ಲಿ, ಅಧಿಕಾರದಲ್ಲಿ, ಸಂಬಳದಲ್ಲಿ ಬೆಟ್ಟದಷ್ಟಿತ್ತು; ದಾರಿಯಲ್ಲಿ ಮಾತ್ರ ಕಾಲುನಡಿಗೆಯಷ್ಟಿತ್ತು. ಆ ವ್ಯವಸ್ಥೆಯನ್ನು ಹೊಗಳಬೇಕಾದ ಕಾರಣವಿಲ್ಲ. ಆದರೂ ಊರಿನ ಕೆಲಸವನ್ನು ಮಾಡುವವನು ಊರಿನೊಳಗೆ ಮಲಗುತ್ತಿದ್ದನೆಂಬ ಒಂದು ಸಂಗತಿಯನ್ನು ಮರೆಯಲಾಗದು.

1898ರ ಪ್ಲೇಗು ಈ ಒತ್ತೊತ್ತಾದ ವಾಸದ ಕೇಡನ್ನು ಎಲ್ಲರ ಕಣ್ಣಿಗೂ ಕಟ್ಟಿಕೊಟ್ಟಿತು. ಆಳಿನ ಗುಡಿಸಲಿನಲ್ಲಿ ಹುಟ್ಟಿದ ರೋಗವು ಒಡೆಯನ ಗೇಟಿನ ಬಳಿ ನಿಂತು ಅಪ್ಪಣೆ ಕೇಳುವುದಿಲ್ಲ. ಅನಂತರ ಫ್ರೇಜರ್ ಟೌನು ಮೊದಲಾದ ಬಡಾವಣೆಗಳು ಗಾಳಿ ಬೆಳಕುಗಳ ಕ್ರಮವನ್ನು ನೋಡಿಕೊಂಡು ಹರಡಿದವು. ದುಡಿಯುವವನ ವಸತಿಯು ದುಡಿಸಿಕೊಳ್ಳುವವನ ಹೊಣೆಯೂ ಹೌದೆಂಬುದನ್ನು ಆ ಕಾಲವು ಕರುಣೆಯಿಂದ ಕಲಿಯಲಿಲ್ಲ, ಭಯದಿಂದ ಕಲಿಯಿತು. ಭಯದಿಂದ ಕಲಿತ ಪಾಠವು ಭಯದೊಡನೆಯೇ ಮರೆಯಾಗುವುದು. 2020ರ ಸಾಂಕ್ರಾಮಿಕದಲ್ಲಿ ಕೆಲಸ ನಿಂತ ಕೆಲವೇ ವಾರಗಳೊಳಗೆ ಸಾವಿರಾರು ಕೂಲಿಕಾರರು ಗಂಟುಮೂಟೆಗಳೊಡನೆ ಬೆಂಗಳೂರನ್ನು ಬಿಟ್ಟು ತಮ್ಮ ಊರುಗಳಿಗೆ ಹೊರಟರು. ಎತ್ತರದ ಮನೆಗಳನ್ನು ಕಟ್ಟಿದ ಕೈಗಳಲ್ಲಿ ಒಂದೆರಡು ತಿಂಗಳ ಬಾಡಿಗೆಯೂ ಉಳಿದಿರಲಿಲ್ಲವೆಂಬುದು ಅಂದು ತಿಳಿಯಿತು.

ಹಾಗಾದರೆ ಊರಿನಲ್ಲಿ ಎಲ್ಲಕ್ಕಿಂತ ತುಟ್ಟಿಯಾದ ವಸ್ತು ಯಾವುದು? ಅಕ್ಕಿಯಲ್ಲ, ಹಾಲಲ್ಲ, ಕಾಲು ಚಾಚಿ ಮಲಗುವಷ್ಟು ಜಾಗ. ಇಂದಿರಾನಗರವನ್ನೇ ನೋಡಬಹುದು. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಅದು ನಿವೃತ್ತರೂ ನೌಕರರೂ ಸಾಲಸೋಲಮಾಡಿ ಮನೆ ಕಟ್ಟಿಕೊಂಡ, ಸಂಜೆಯಾದರೆ ಸದ್ದಡಗುತ್ತಿದ್ದ ಬಡಾವಣೆ. 2011ರ ಅಕ್ಟೋಬರಿನಲ್ಲಿ ಬೈಯಪ್ಪನಹಳ್ಳಿಯಿಂದ ಮಹಾತ್ಮಾಗಾಂಧಿ ರಸ್ತೆಯವರೆಗಿನ ಮೊದಲ ಮೆಟ್ರೋ ಮಾರ್ಗವು ಅದರ ನಡುವೆ ಹಾಯಿತು. ನೂರಡಿ ರಸ್ತೆಯು ಅಂಗಡಿ ಉಪಾಹಾರಗೃಹಗಳ ಬೀದಿಯಾಯಿತು. ನಿವೇಶನದ ಬೆಲೆಯು ಅದನ್ನು ಕೊಂಡವನು ಕನಸಿನಲ್ಲಿಯೂ ಎಣಿಸದಷ್ಟು ಬೆಳೆಯಿತು. ಈ ಬೆಳವಣಿಗೆಗೆ ಅವನು ಮಾಡಿದುದೇನು? ರಸ್ತೆಯನ್ನು ಹಾಕಿದವರು ತೆರಿಗೆ ಕೊಟ್ಟವರು. ರೈಲನ್ನು ತಂದವರು ಸಮಸ್ತ ಪ್ರಜೆಗಳು. ಬೀದಿಗೆ ಕಳೆ ತಂದವರು ಅಲ್ಲಿ ದುಡಿದವರು, ನಡೆದಾಡಿದವರು. ನೆಲದ ಗೇಣಿಯು ಒಡೆಯನ ಶ್ರಮದಿಂದ ಹುಟ್ಟುವುದಲ್ಲ, ಸ್ಥಾನದ ವಿಶೇಷದಿಂದ ಹುಟ್ಟುವುದೆಂದು ರಿಕಾರ್ಡೋ 1817ರಲ್ಲಿಯೇ ವಿವರಿಸಿದ್ದನು. ಸಮಾಜವು ಹುಟ್ಟಿಸಿದ ಆ ಬೆಲೆಯು ಸಮಾಜಕ್ಕೇ ಸಲ್ಲತಕ್ಕದ್ದೆಂದು ಅಮೆರಿಕದ ಹೆನ್ರಿ ಜಾರ್ಜ್ 1879ರಲ್ಲಿ ವಾದಿಸಿದನು. ಅವನ ವಾದವನ್ನು ಪೂರ್ಣವಾಗಿ ಒಪ್ಪದವರೂ ಅದರಲ್ಲಿರುವ ನೈತಿಕವಾದ ಚುಚ್ಚನ್ನು ತಪ್ಪಿಸಿಕೊಳ್ಳಲಾರರು. ಎಲ್ಲರೂ ಕೂಡಿ ಬೆಳೆಸಿದ ಬೆಳೆಯನ್ನು ಒಬ್ಬನು ಕೊಯ್ಯುವನು. ಬೆಳೆಸಿದವರಲ್ಲಿ ಬಡವರಾದವರು ಆ ಬೆಳೆಯ ಕಾರಣದಿಂದಲೇ ಹೊಲದಿಂದ ಹೊರಗಾಗುವರು.

ಹೊರಗಾದವರು ಎಲ್ಲಿಗೆ ಹೋಗುವರು? ಪೂರ್ವಕ್ಕೆ, ಕೃಷ್ಣರಾಜಪುರದ ಕಡೆಗೆ, ಅದನ್ನೂ ದಾಟಿ ಹಳ್ಳಿಗಳ ಕಡೆಗೆ. 2007ರಲ್ಲಿ ಮಹಾನಗರಪಾಲಿಕೆಯೊಳಕ್ಕೆ ಸೇರುವವರೆಗೆ ಕೃಷ್ಣರಾಜಪುರವು ಬೇರೆಯೇ ಒಂದು ನಗರಸಭೆಯಾಗಿದ್ದಿತು. ಬೆಳಗಿನ ಹೊತ್ತು ಅಲ್ಲಿಯ ತೂಗುಸೇತುವೆಯ ಬಳಿಯಲ್ಲಿಯೂ ಟಿನ್ ಫ್ಯಾಕ್ಟರಿಯ ನಿಲ್ದಾಣದಲ್ಲಿಯೂ ಬಸ್ಸಿಗೆ ಕಾದು ನಿಂತವರನ್ನು ನೋಡಿದರೆ ಸಾಕು. ಕಾವಲುಗಾರರು, ಗಾರೆಯವರು, ಅಂಗಡಿಯ ಹುಡುಗರು, ಮನೆಗೆಲಸದ ಹೆಂಗಸರು ಪಶ್ಚಿಮಕ್ಕೆ ಹೊರಟಿರುವರು. ಸಂಜೆ ಅದೇ ದಾರಿಯಲ್ಲಿ ಹಿಂದಿರುಗುವರು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಪ್ರಯಾಣದರವಿಲ್ಲ. ಅದು ದೊಡ್ಡ ಉಪಕಾರವೇ ಸರಿ. ಆದರೆ ದರವನ್ನು ಮನ್ನಾ ಮಾಡಬಹುದೇ ಹೊರತು ಹೊತ್ತನ್ನು ಮನ್ನಾ ಮಾಡಲಾಗದು. ಬಾಡಿಗೆಯನ್ನು ಹಣದಲ್ಲಿ ಕೊಡಲಾರದವನು ಅದನ್ನು ಆಯುಸ್ಸಿನಲ್ಲಿ ಕೊಡುವನು. ದಿನಕ್ಕೆ ಮೂರು ಗಂಟೆ ದಾರಿಯಲ್ಲಿ ಕಳೆಯುವವಳಿಗೆ ಮಗುವಿನ ಪಾಠವನ್ನು ಕೇಳುವ ಮೂರು ಗಂಟೆಗಳು ಯಾವ ಲೆಕ್ಕದ ಪುಸ್ತಕದಲ್ಲಿಯೂ ಖರ್ಚಾಗಿ ಕಾಣುವುದಿಲ್ಲ.

ಲೆಕ್ಕವಿಡುವ ಕ್ರಮದಲ್ಲಿಯೂ ಹೀಗೆ ಒಂದು ಕುರುಡಿದೆ. 1957ರಲ್ಲಿ ಸೇರಿದ ಭಾರತದ ಹದಿನೈದನೆಯ ಕಾರ್ಮಿಕ ಸಮ್ಮೇಳನವು ಕನಿಷ್ಠ ವೇತನಕ್ಕೆ ಮಾನವೀಯವಾದ ಒಂದು ಅಳತೆಯನ್ನು ಗೊತ್ತುಮಾಡಿತು: ದುಡಿಯುವವನೊಬ್ಬನಿಗೆ ಮೂರು ಆಳುಗಳ ಊಟ, ಆಳಿಗೆ ದಿನಕ್ಕೆ 2700 ಕ್ಯಾಲೊರಿ; ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ; ಇರಲು ಮನೆ; ಸೌದೆ ದೀಪಗಳಿಗೆ ಐದನೆಯ ಒಂದು ಪಾಲು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಕ್ಕಳ ಓದು, ಔಷಧ, ಹಬ್ಬ, ಮುಪ್ಪುಗಳಿಗೆಂದು ಇನ್ನೊಂದು ಪಾಲನ್ನು ಕೂಡಿಸಿತು. ಇಷ್ಟೆಲ್ಲ ವಿವೇಕದ ಅನಂತರ 2020ರಲ್ಲಿ ಕೇಂದ್ರ ಸರ್ಕಾರವು ಪ್ರಕಟಿಸಿದ ಕರಡು ನಿಯಮಗಳಲ್ಲಿ ಮನೆಬಾಡಿಗೆಗೆ ಗೊತ್ತುಮಾಡಿದುದು ಊಟ ಬಟ್ಟೆಗಳ ಖರ್ಚಿನ ಹತ್ತನೆಯ ಒಂದು ಭಾಗ. ಊಟ ಬಟ್ಟೆಗಳಿಗೆ ಹತ್ತು ಸಾವಿರ ರೂಪಾಯಿಯಾದರೆ ಮನೆಗೆ ಒಂದು ಸಾವಿರ! ಹಲಸೂರಿನ ವಠಾರದಲ್ಲಾಗಲಿ ಶಿವಾಜಿನಗರದ ಗಲ್ಲಿಯಲ್ಲಾಗಲಿ ಆ ಹಣಕ್ಕೆ ಸಂಸಾರವೊಂದು ಇರಬಲ್ಲ ಕೋಣೆಯನ್ನು ಹುಡುಕಿ ನೋಡಬೇಕು. ಅದರ ಮೇಲೆ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ವಾಡಿಕೆಯೊಂದು ಬೆಂಗಳೂರಿನಲ್ಲಿ ಬಹುಕಾಲದಿಂದ ಬೇರೂರಿದೆ. ಮುಂಗಡವು ಎರಡು ತಿಂಗಳನ್ನು ಮೀರಬಾರದೆಂದು 2021ರ ಮಾದರಿ ಬಾಡಿಗೆ ಕಾಯಿದೆಯು ಸಲಹೆಮಾಡಿತು.

ಇಲ್ಲಿ ಪೂರ್ವಪಕ್ಷವನ್ನೂ ನ್ಯಾಯವಾಗಿ ಕೇಳಬೇಕು. ಬಾಡಿಗೆ ಪಡೆಯುವವರೆಲ್ಲರೂ ಸಿರಿವಂತರಲ್ಲ. ಮೇಲಿನ ಮಹಡಿಯ ಬಾಡಿಗೆಯಿಂದಲೇ ಔಷಧ ಕೊಳ್ಳುವ ವಿಧವೆಯೂ ಉಂಟು. ಬೆಲೆಯನ್ನು ಬಲದಿಂದ ತಡೆದರೆ ಹೊಸ ಮನೆಗಳನ್ನು ಕಟ್ಟುವವರು ಕಡಮೆಯಾಗುವರೆಂಬುದೂ ಪೊಳ್ಳುಮಾತಲ್ಲ. ಕೊಳ್ಳುವವರು ಹೆಚ್ಚಿ ವಸ್ತು ಕಡಮೆಯಾದರೆ ಬೆಲೆ ಏರುವುದು ಸಹಜ, ಅದರಲ್ಲಿ ಪಾಪವೆಲ್ಲಿ ಎಂದು ವ್ಯವಹಾರಜ್ಞರು ಕೇಳುವರು. ಪಾಪವು ಏರಿಕೆಯಲ್ಲಿಲ್ಲದಿರಬಹುದು, ಏರಿಕೆಯ ಲಾಭವನ್ನು ಉಣ್ಣುತ್ತ ಅದರ ಭಾರವನ್ನು ಕಾಣದಂತೆ ಇರುವುದರಲ್ಲಿದೆ. ಮಾರುಕಟ್ಟೆಯು ಬೆಲೆಯನ್ನು ಹೇಳಬಲ್ಲದು, ಋಣವನ್ನು ಹೇಳಲಾರದು. ಆ ಲೆಕ್ಕವನ್ನು ಮನುಷ್ಯನೇ ಮಾಡಿಕೊಳ್ಳಬೇಕು.

ಈ ಲೆಕ್ಕವು ವಿದ್ಯಾವಂತರ ಮನೆಬಾಗಿಲಿಗೇ ಬರುವುದು. ಸಂಬಳದ ನೌಕರನಿಗೆ ತುಟ್ಟಿಭತ್ಯೆಯುಂಟು. ಬೆಲೆಗಳ ಸೂಚ್ಯಂಕವು ಏರಿದಂತೆ ಅದೂ ವರ್ಷಕ್ಕೆರಡು ಸಲ ಏರುವುದು. ಅವನ ಮನೆಯ ಪಾತ್ರೆ ತೊಳೆಯುವವಳಿಗೆ ಯಾವ ಸೂಚ್ಯಂಕ? ಹಾಲಿನ ಬೆಲೆ ಏರಿತೆಂದು ಸರ್ಕಾರವನ್ನು ಬಯ್ಯುವ ಗೃಹಸ್ಥನು, ಅವಳೂ ಅದೇ ಹಾಲನ್ನು ಕೊಳ್ಳುವಳೆಂಬುದನ್ನು ನೆನೆಯುವುದಿಲ್ಲ. ಅವಳು ನೂರು ರೂಪಾಯಿ ಹೆಚ್ಚಿಗೆ ಕೇಳಿದ ದಿನ ‘ಕಾಲ ಕೆಟ್ಟಿತು’ ಎನ್ನುವನು. ಕಾಲ ಕೆಟ್ಟುದು ಇಬ್ಬರಿಗೂ. ಅದನ್ನು ಹೇಳುವ ಅಧಿಕಾರ ಮಾತ್ರ ಒಬ್ಬನಿಗೆ. ಅವನ ಮನೆಯಲ್ಲಿ ಕೆಲಸವು ಅಗ್ಗವಾಗಿ ನಡೆಯುತ್ತಿದ್ದರೆ, ಉಳಿದ ವೆಚ್ಚವನ್ನು ಅವಳ ನಿದ್ದೆ, ಅವಳ ಮಗುವಿನ ಶಾಲೆ, ಅವಳ ಬೆನ್ನುನೋವು ಭರಿಸುತ್ತಿವೆಯೆಂದೇ ಅರ್ಥ.

ಮಿತವ್ಯಯದ ಉಪದೇಶಕ್ಕೂ ಇದೇ ಮಾತು ಸಲ್ಲುವುದು. ಆಯ್ಕೆಯುಳ್ಳವನಲ್ಲಿ ಮಿತವ್ಯಯವು ಗುಣ. ಆಯ್ಕೆಯಿಲ್ಲದವನಿಗೆ ಅದನ್ನು ಬೋಧಿಸುವುದು ಕ್ರೌರ್ಯ. 1927ರಲ್ಲಿ ಕಟ್ಟಿದ ರಸೆಲ್ ಮಾರುಕಟ್ಟೆಯ ಸುತ್ತಿನ ಬೀದಿಗಳಲ್ಲಿ ಬುಟ್ಟಿಯಿಟ್ಟು ಕುಳಿತ ಮುದುಕಿಯೊಡನೆ ಕೊತ್ತಂಬರಿ ಕಟ್ಟಿಗೆ ಐದು ರೂಪಾಯಿ ಬಿಡಿಸಲು ಕಾಲು ಗಂಟೆ ಚೌಕಾಸಿ ಮಾಡಿದವನೇ, ಅಚ್ಚುಹಾಕಿದ ಬೆಲೆಯಿರುವ ಅಂಗಡಿಯಲ್ಲಿ ಮಾತಿಲ್ಲದೆ ಸಾವಿರ ಕೊಟ್ಟು ಬರುವನು. ಇದು ಮಿತವ್ಯಯವಲ್ಲ, ಬಲವಿದ್ದಲ್ಲಿ ಬಾಗುವುದು, ಬಲವಿಲ್ಲದಲ್ಲಿ ಬಾಗಿಸುವುದು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ವರ್ತಕನಿಗೆ ಸ್ವದೇಶದ ಸರಕಿನ ಮೇಲೆ ಶೇಕಡಾ 5, ಪರದೇಶದ ಸರಕಿನ ಮೇಲೆ ಶೇಕಡಾ 10 ಲಾಭವೆಂದು ಮಿತಿಯಿದೆ. ಮಾರುವವನ ಲಾಭಕ್ಕೆ ಮಿತಿಯನ್ನು ಹಾಕಿದ ನಾಡಿನಲ್ಲಿ ಕೊಳ್ಳುವವನ ಚೌಕಾಸಿಗೂ ಒಂದು ಮಿತಿಯನ್ನು ಮನಸ್ಸಾಕ್ಷಿಯು ಹಾಕಿಕೊಳ್ಳಬೇಡವೆ?

ಸರ್ಕಾರವು ಮಾಡಬೇಕಾದುದು ಬಹಳವಿದೆ. ಕೆಲಮಟ್ಟಿಗೆ ಮಾಡಿಯೂ ಇದೆ. 2017ರಲ್ಲಿ ತೆರೆದ ಇಂದಿರಾ ಕ್ಯಾಂಟೀನುಗಳಲ್ಲಿ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟವೆಂದು ಗೊತ್ತಾಯಿತು. ಆದರೆ ಊಟದಲ್ಲಿ ಉಳಿದ ಹಣವು ಬಾಡಿಗೆಯ ಬಾಯಿಗೆ ಬೀಳುವುದಾದರೆ ಅನ್ನದಾನದ ಫಲವು ನೆಲದೊಡೆಯನನ್ನು ಸೇರುವುದು. ದುಡಿಯುವವರಿಗೆ ಊರೊಳಗೇ ವಸತಿ ದೊರೆಯುವ ಏರ್ಪಾಡಾಗುವವರೆಗೆ ಉಳಿದ ಪರಿಹಾರಗಳೆಲ್ಲ ಅರ್ಧ ಪರಿಹಾರಗಳೇ. ಅಲ್ಲಿಯವರೆಗೆ ಗೃಹಸ್ಥನ ಕೈಯಲ್ಲಿ ಏನೂ ಇಲ್ಲವೆಂದಲ್ಲ. ತನ್ನ ತುಟ್ಟಿಭತ್ಯೆ ಏರಿದ ತಿಂಗಳಲ್ಲಿಯೇ ಮನೆಗೆಲಸದವಳ ಸಂಬಳವನ್ನೂ ಅವಳು ಕೇಳುವ ಮುನ್ನ ಏರಿಸಬಹುದು. ಮನೆಯನ್ನು ಬಾಡಿಗೆಗೆ ಕೊಡುವಾಗ ಎರಡು ತಿಂಗಳ ಮುಂಗಡದಲ್ಲಿ ತೃಪ್ತನಾಗಬಹುದು. ಬುಟ್ಟಿಯವಳು ಹೇಳಿದ ಬೆಲೆಯನ್ನು ಕೊಟ್ಟು ಬರಬಹುದು. ಇವು ದಾನಗಳಲ್ಲ. ದಾನವು ಕೊಡುವವನ ಇಷ್ಟ. ಇವು ಸಂದಾಯಗಳು, ಬಾಕಿ ನಿಂತವು.

ಊರು ಅಗ್ಗವೋ ತುಟ್ಟಿಯೋ ಎಂಬುದನ್ನು ಪೇಟೆಯ ದರಪಟ್ಟಿಯಿಂದ ಅಳೆಯುವುದು ವಾಡಿಕೆ. ಅದಕ್ಕಿಂತ ನಂಬತಕ್ಕ ಅಳತೆಯೊಂದುಂಟು. ಹಗಲೆಲ್ಲ ಊರಿನ ಕೆಲಸವನ್ನು ಮಾಡಿದವರು ಇರುಳಿನಲ್ಲಿ ಆ ಊರಿನೊಳಗೆ ಮಲಗಬಲ್ಲರೆ? ಮಲಗಬಲ್ಲರಾದರೆ ಬೆಲೆಗಳು ಎಷ್ಟೇ ಏರಿರಲಿ, ಆ ಊರು ಬದುಕಲು ತಕ್ಕ ಊರು. ಇಲ್ಲವಾದರೆ ಅಲ್ಲಿ ಎಲ್ಲವೂ ಅಗ್ಗವಾಗಿ ದೊರೆಯುವವನೂ ಸಾಲಗಾರನೇ. ಯಾರಿಗೆ ಸಾಲಗಾರನೆಂಬುದು ಬೆಳಗ್ಗೆ ಬಾಗಿಲು ತಟ್ಟುವವಳ ಮುಖವನ್ನು ನೋಡಿದರೆ ತಿಳಿಯುವುದು.