ಅಮೋನಿಯಾ: ನಾಮದಲ್ಲಿ ದೈವ ಉಳಿಯುತ್ತದೆಯೇ?

ಆರಾಧನೆ ನಿಂತುಹೋದ ದೇವತೆಯ ಪಾವಿತ್ರ್ಯ ಅದರ ನಾಮದಲ್ಲಿ ಉಳಿದಿರುತ್ತದೆಯೇ ಎಂಬ ಪ್ರಶ್ನೆಗೆ ಅಮೋನಿಯಾದ ಹೆಸರು ಒಳ್ಳೆಯ ನಿದರ್ಶನ. ಮಂಜುಗಡ್ಡೆ ಕಾರ್ಖಾನೆಗಳಲ್ಲಿಯೂ ಶೀತಲಗೃಹಗಳಲ್ಲಿಯೂ ಶೀತಕವಾಗಿ, ಎಂದರೆ ಆವಿಯಾಗುತ್ತ ಸುತ್ತಲಿನ ಶಾಖವನ್ನು ಹೀರಿಕೊಳ್ಳುವ ದ್ರವ್ಯವಾಗಿ ಬಳಕೆಯಲ್ಲಿರುವ ಈ ಅನಿಲದ ಹೆಸರಿನ ಮೂಲದಲ್ಲಿರುವವನು ಪ್ರಾಚೀನ ಈಜಿಪ್ಟಿನ ಥೀಬ್ಸ್ ನಗರದ ದೇವತೆ ಅಮುನ್. ಆ ನಾಮಕ್ಕೆ ‘ಮರೆಯಾಗಿರುವವನು’ ಎಂದು ಈಜಿಪ್ಟಿನ ಪುರೋಹಿತ ಮನೇಥೋ ಅರ್ಥ ಹೇಳಿದ್ದನೆಂದು ಗ್ರೀಕ್ ಲೇಖಕ ಪ್ಲೂಟಾರ್ಕ್ ಬರೆದಿದ್ದಾನೆ.

ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರ್ ದೈವವಾಣಿ ಕೇಳಲು ಹೋದ ಸೀವಾ ಮರುದ್ವೀಪದ ದೇಗುಲ ಈ ದೇವತೆಯದೇ. ಗ್ರೀಕರು ಅವನನ್ನು ಅಮ್ಮೋನ್ ಎಂದು ಕರೆದರು, ಆ ಸೀಮೆಯ ಉಪ್ಪಿಗೂ ಅವನ ಹೆಸರೇ ಅಂಟಿತು. ಆದರೆ ಉಪ್ಪು ಮರಳಿನಡಿ ದೊರೆಯುತ್ತಿದ್ದುದರಿಂದ ರೋಮನ್ ಲೇಖಕ ಪ್ಲಿನಿ ಅದರ ಹೆಸರನ್ನು ಮರಳಿನ ಗ್ರೀಕ್ ಪದಕ್ಕೆ ಜೋಡಿಸಿದನು. ಅವನು ವರ್ಣಿಸಿದ್ದು ಬಹುಶಃ ಕಲ್ಲುಪ್ಪನ್ನು; ಹೆಸರು ಮುಂದೆ ಬೇರೊಂದು ಲವಣಕ್ಕೆ, ಇಂದಿನ ಅಮೋನಿಯಂ ಕ್ಲೋರೈಡಿಗೆ, ವರ್ಗವಾಯಿತು. 1774ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಪ್ರೀಸ್ಟ್ಲಿ ಆ ಲವಣದಿಂದ ಬೇರ್ಪಡಿಸಿದ ಅನಿಲಕ್ಕೆ 1782ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಬರ್ಗ್‌ಮನ್ ಅಮೋನಿಯಾ ಎಂದು ಹೆಸರಿಟ್ಟನು. ಅನಿಲ ಕಣ್ಣಿಗೆ ಕಾಣದು, ದೇವರೂ ಮರೆಯಾಗಿರುವವನು ಎಂಬ ಹೋಲಿಕೆ ಆಕರ್ಷಕವೇ ಆದರೂ ಅದು ಆಕಸ್ಮಿಕ. ಹೆಸರು ಬಂದದ್ದು ಅರ್ಥದ ದಾರಿಯಿಂದಲ್ಲ, ಉಪ್ಪಿನ ದಾರಿಯಿಂದ.

ಅದೇ ಲವಣಕ್ಕೆ ಪಾರಸಿಯಲ್ಲಿ ನೌಶಾದರ್ ಎಂದೂ, ರಸರತ್ನಸಮುಚ್ಚಯವೆಂಬ ರಸಶಾಸ್ತ್ರ ಗ್ರಂಥದಲ್ಲಿ ನವಸಾರ ಎಂದೂ, ಒಲೆ-ಗೂಡುಗಳಲ್ಲಿ ಹುಟ್ಟುವುದರಿಂದ ಚೂಲಿಕಾಲವಣ ಎಂದೂ ಹೆಸರುಗಳಿವೆ. ಕನ್ನಡದಲ್ಲಿ ಅದು ನವಸಾಗರ. ಕಲಾಯಿ ಹಾಕುವವನು ಕಾದ ತಾಮ್ರದ ಪಾತ್ರೆಗೆ ನವಸಾಗರದ ಪುಡಿ ಹಾಕಿ ಒರೆಸಿದಾಗ ಘಾಟಿನ ಬಿಳಿ ಹೊಗೆ ಏಳುತ್ತದೆ, ಲೋಹದ ಕಿಲುಬು ಬಿಡುತ್ತದೆ, ಕರಗಿದ ತವರ ಒಳಮೈಗೆ ಹರಡಿ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಒಂಬತ್ತು ಸಮುದ್ರಗಳು ಯಾರ ನೆನಪಿಗೂ ಬರುವುದಿಲ್ಲ.

ಇದನ್ನು ಶಾಸ್ತ್ರಕಾರರು ರೂಢಿ ಎನ್ನುತ್ತಾರೆ. ಪದದ ಅವಯವಗಳಿಂದ ಹುಟ್ಟುವ ಅರ್ಥ ಯೋಗ, ಬಳಕೆಯಿಂದ ನಿಂತ ಅರ್ಥ ರೂಢಿ. ಶಬ್ದಾರ್ಥಗಳ ಸಂಬಂಧ ಸಹಜವೂ ನಿತ್ಯವೂ ಆದುದೆಂದು ಮೀಮಾಂಸಕರು ಹೇಳಿದರೆ, ಅದು ಸಂಕೇತದಿಂದ, ಅಂದರೆ ‘ಈ ಪದಕ್ಕೆ ಈ ಅರ್ಥ’ ಎಂಬ ಗೊತ್ತುಪಾಡಿನಿಂದ ಬಂದದ್ದೆಂದು ನೈಯಾಯಿಕರು ವಾದಿಸಿದರು. ಅಮೋನಿಯಾದ ಚರಿತ್ರೆ ನೈಯಾಯಿಕರ ಪಕ್ಷಕ್ಕೇ ಬಲ ಕೊಡುತ್ತದೆ. ಆದರೆ ಎಲ್ಲ ಶಬ್ದಗಳೂ ಪರಮಮುಖ್ಯವೃತ್ತಿಯಿಂದ, ಅಂದರೆ ತಮ್ಮ ಅತ್ಯುನ್ನತ ಅರ್ಥದಲ್ಲಿ, ವಿಷ್ಣುವನ್ನೇ ಹೇಳುತ್ತವೆ ಎಂಬ ಮಧ್ವಾಚಾರ್ಯರ ಸಿದ್ಧಾಂತ ಇದರಿಂದ ಬಿದ್ದುಹೋಗುವುದಿಲ್ಲ. ಆ ಸಿದ್ಧಾಂತಕ್ಕೆ ಪದದ ಚರಿತ್ರೆ ಬೇಕಿಲ್ಲ, ಪದದಲ್ಲಿ ಭಗವಂತನನ್ನು ಕಾಣುವ ಅನುಸಂಧಾನ ಬೇಕು.

ಇದಕ್ಕೆ ಅಮುನನ ಇನ್ನೊಂದು ನಾಮಶೇಷವೇ ಸಾಕ್ಷಿ. ಅವನ ಮೂರ್ತಿಗಳಲ್ಲಿ ಕಾಣುವ ಟಗರುಕೊಂಬನ್ನು ಹೋಲುವ ಸುರುಳಿ ಚಿಪ್ಪಿನ ಪಳೆಯುಳಿಕೆಗೆ ವಿಜ್ಞಾನಿಗಳು ಅಮೋನೈಟ್ ಎಂದು ಹೆಸರಿಟ್ಟಿದ್ದಾರೆ. ನೇಪಾಳದ ಗಂಡಕಿ ನದಿಯಲ್ಲಿ ದೊರೆಯುವ ಅಂಥ ಶಿಲೆಯೇ ಸಾಲಿಗ್ರಾಮ. ಸೀವಾದಲ್ಲಿ ಇಂದು ಅಮುನನಿಗೆ ಪೂಜೆಯಿಲ್ಲ, ಅವನ ಹೆಸರು ಹೊತ್ತ ಅನಿಲಕ್ಕೆ ಯಾರೂ ಕೈಮುಗಿಯುವುದಿಲ್ಲ. ಅವನ ಕೊಂಬಿನ ಹೆಸರನ್ನು ವಿಜ್ಞಾನದಲ್ಲಿ ಪಡೆದ ಶಿಲೆಗೆ ಮಾತ್ರ ಉಡುಪಿಯ ಮಠಗಳಲ್ಲಿ ನಿತ್ಯವೂ ವಿಷ್ಣುವೆಂದು ಅಭಿಷೇಕ ನಡೆಯುತ್ತದೆ.