ಎರಡು ಕಾರು, ಎರಡು ಖರ್ಜೂರ

ಕೊಳ್ಳುವ ಮುಂಚೆ ಎರಡು ವಸ್ತುಗಳನ್ನು ಅಕ್ಕಪಕ್ಕ ಇಟ್ಟು ತೂಗಿ ನೋಡುವುದು ವಿವೇಕದ ಲಕ್ಷಣ ಎಂದೇ ನಾವೆಲ್ಲ ನಂಬಿದ್ದೇವೆ. ಬಟ್ಟೆಯಂಗಡಿಯಿಂದ ಹಿಡಿದು ಮನೆ ನಿವೇಶನದವರೆಗೆ ಈ ನಂಬಿಕೆ ನಮ್ಮನ್ನು ಬಹಳ ಸಲ ಕಾಪಾಡಿದೆ ಕೂಡ. ಆದರೆ ಹೋಲಿಕೆ ಎಂಬುದು ಕೆಲವೊಮ್ಮೆ ವಿವೇಕದ ವೇಷ ತೊಟ್ಟ ಆಸೆಯೇ ಆಗಿರಬಹುದಲ್ಲವೇ? ಇದನ್ನು ಪರೀಕ್ಷಿಸಿ ನೋಡಬೇಕಾದರೆ ಅಗತ್ಯದ ಹಂಗೇ ಇಲ್ಲದ ವಸ್ತುವೊಂದು ಬೇಕು. ಅತಿವೇಗದ ಸ್ಪೋರ್ಟ್ಸ್ ಕಾರುಗಳು ಅದಕ್ಕೆ ಹೇಳಿ ಮಾಡಿಸಿದಂತಿವೆ.

2008ರಲ್ಲಿ ಜಗತ್ತಿನ ಸಿರಿವಂತ ಕಾರುಪ್ರಿಯರ ಮುಂದೆ ಇಂತಹದೊಂದು ಆಯ್ಕೆ ಬಂದು ನಿಂತಿತ್ತು. ಒಂದು ಜರ್ಮನಿಯ ಪೋರ್ಷೆ 911 ಟರ್ಬೊ, ಇನ್ನೊಂದು ಜಪಾನಿನ ನಿಸ್ಸಾನ್ ಜಿಟಿ-ಆರ್. ಎರಡರ ಶಕ್ತಿಯೂ 480 ಅಶ್ವಶಕ್ತಿ. ಎರಡಕ್ಕೂ ಅವಳಿ ಟರ್ಬೊ, ಎರಡರಲ್ಲೂ ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಬಲ. ವ್ಯತ್ಯಾಸಗಳೂ ಇದ್ದವೆನ್ನಿ. 1963ರಲ್ಲಿ ಮೊದಲ 911 ಕಾಣಿಸಿಕೊಂಡಂದಿನಿಂದ ಪೋರ್ಷೆ ತನ್ನ ಎಂಜಿನ್ನನ್ನು ಹಿಂದಿನ ಚಕ್ರಗಳಿಗಿಂತಲೂ ಹಿಂದೆ ಇಡುತ್ತ ಬಂದಿದೆ. ನಿಸ್ಸಾನಿನದು ಮುಂಭಾಗದಲ್ಲಿ. ಅದರ ಪ್ರತಿಯೊಂದು ಎಂಜಿನ್ನನ್ನೂ ಯೊಕೊಹಾಮಾದ ಕಾರ್ಖಾನೆಯಲ್ಲಿ ಒಬ್ಬನೇ ಕುಶಲಕರ್ಮಿ ಮೊದಲಿನಿಂದ ಕೊನೆಯವರೆಗೆ ಕೈಯಿಂದ ಜೋಡಿಸುತ್ತಿದ್ದ. ಅಮೆರಿಕದಲ್ಲಿ ನಿಸ್ಸಾನಿನ ಬೆಲೆ ಸುಮಾರು 70 ಸಾವಿರ ಡಾಲರ್, ಪೋರ್ಷೆಯದು 1 ಲಕ್ಷ 20 ಸಾವಿರ ಡಾಲರಿಗೂ ಮೇಲೆ.

ಜರ್ಮನಿಯ ಐಫೆಲ್ ಬೆಟ್ಟಗಳ ನಡುವೆ ನೂರ್ಬರ್ಗ್‌ರಿಂಗ್ ಎಂಬ ಓಟದ ದಾರಿಯಿದೆ. 1927ರಲ್ಲಿ ತೆರೆದದ್ದು. ಅದರ ಉತ್ತರದ ಸುತ್ತು 20 ಕಿಲೋಮೀಟರಿಗೂ ಹೆಚ್ಚು ಉದ್ದ, ತುಂಬ ತಿರುವುಗಳು. ವೇಗದ ಕಾರುಗಳ ಯೋಗ್ಯತೆ ತೀರ್ಮಾನವಾಗುವುದು ಇಲ್ಲಿ ಎಂಬುದು ಆ ಲೋಕದ ಒಪ್ಪಿತ ಮಾತು. 2008ರ ಏಪ್ರಿಲಿನಲ್ಲಿ ತನ್ನ ಕಾರು ಈ ಸುತ್ತನ್ನು 7 ನಿಮಿಷ 29 ಸೆಕೆಂಡಿನಲ್ಲಿ ಮುಗಿಸಿತೆಂದು ನಿಸ್ಸಾನ್ ಸಾರಿತು. ಪೋರ್ಷೆಗೆ ಅನುಮಾನ ಬಂತು. ತಾನೇ ಒಂದು ಜಿಟಿ-ಆರ್ ಕೊಂಡು ಅದೇ ದಾರಿಯಲ್ಲಿ ಓಡಿಸಿ ನೋಡಿದಾಗ 7 ನಿಮಿಷ 54 ಸೆಕೆಂಡು ಹಿಡಿಯಿತೆಂದೂ ತನ್ನ 911 ಟರ್ಬೊ 7 ನಿಮಿಷ 38 ಸೆಕೆಂಡಿನಲ್ಲಿ ಮುಗಿಸಿತೆಂದೂ ಹೇಳಿತು. ನಿಸ್ಸಾನ್ ಮಾರಾಟಕ್ಕಿಲ್ಲದ ವಿಶೇಷ ಟೈರು ಬಳಸಿರಬಹುದು ಎಂಬುದು ಪೋರ್ಷೆಯ ಗುಮಾನಿ. ಇಲ್ಲ, ಗ್ರಾಹಕರಿಗೆ ಕೊಡುವ ಟೈರೇ ಅದು ಎಂದು ನಿಸ್ಸಾನ್ ಉತ್ತರಿಸಿತು.

ಯಾರು ಸರಿ ಎಂಬ ಜಗಳ ಬಹಳ ದಿನ ನಡೆಯಿತು. ನಮಗೆ ಅದಕ್ಕಿಂತ ಕುತೂಹಲದ್ದಾಗಿ ಕಾಣುವುದು ಲೆಕ್ಕ. ನಿಸ್ಸಾನಿನ ಮಾತು ನಂಬಿದರೆ ಎರಡು ಕಾರುಗಳ ನಡುವಿನ ಅಂತರ 9 ಸೆಕೆಂಡು. ಪೋರ್ಷೆಯ ಮಾತು ನಂಬಿದರೆ, ದಿಕ್ಕು ತಿರುಗಿ, 16 ಸೆಕೆಂಡು. ಆದರೆ ಒಂದೇ ಮಾದರಿಯ ಕಾರಿನ ಬಗ್ಗೆ ಇಬ್ಬರು ಅಳೆದವರ ನಡುವಿನ ಅಂತರ 25 ಸೆಕೆಂಡು! ಅಳೆಯಬೇಕಾದ ವಸ್ತುಗಳ ವ್ಯತ್ಯಾಸಕ್ಕಿಂತ ಅಳೆಯುವವರ ವ್ಯತ್ಯಾಸವೇ ದೊಡ್ಡದಾದಾಗ ತಕ್ಕಡಿಯ ಮಾತನ್ನು ಎಷ್ಟು ನಂಬುವುದು? ಚಾಲಕನ ಕೈ, ಟೈರಿನ ರಬ್ಬರು, ಅಂದಿನ ಹವೆ ಎಲ್ಲವೂ ಆ ಅಂಕಿಯೊಳಗೆ ಸೇರಿಕೊಂಡಿರುತ್ತವೆ. ಕೊಳ್ಳುವವನಿಗೆ ಅವುಗಳಲ್ಲಿ ಯಾವುದೂ ಕಾರಿನ ಜೊತೆ ಸಿಗುವುದಿಲ್ಲ. ಹಾಂ, ಟೈರು ಸಿಗುತ್ತದೆ, ಅದೂ ಸವೆಯುವ ತನಕ.

ಇನ್ನೊಂದು ಸಂಗತಿ. ಜಪಾನಿನಲ್ಲಿ ಮಾರಾಟವಾದ ಜಿಟಿ-ಆರ್ ಗಂಟೆಗೆ 180 ಕಿಲೋಮೀಟರ್ ತಲುಪಿದ ಮೇಲೆ ಮುಂದೆ ಹೋಗದಂತೆ ಬಿಗಿ ಹಾಕಲಾಗಿತ್ತು. ಉಪಗ್ರಹದ ನೆರವಿನಿಂದ ತಾನು ಓಟದ ಮೈದಾನದಲ್ಲಿದ್ದೇನೆ ಎಂದು ಕಾರಿಗೆ ತಿಳಿದಾಗ ಮಾತ್ರ ಅದನ್ನು ಸಡಿಲಿಸಲು ಸಾಧ್ಯ. ಗಂಟೆಗೆ 300ಕ್ಕೂ ಹೆಚ್ಚು ಕಿಲೋಮೀಟರ್ ಓಡಬಲ್ಲ ಸಾಮರ್ಥ್ಯಕ್ಕೆ ಹಣ ತೆತ್ತವನು ಅದನ್ನು ಬೀಗ ಹಾಕಿದ ಪೆಟ್ಟಿಗೆಯಂತೆ ಮನೆಗೆ ತರುತ್ತಿದ್ದ. ಜರ್ಮನಿಯ ಕೆಲವು ಹೆದ್ದಾರಿಗಳಲ್ಲಿ ವೇಗಮಿತಿ ಇಲ್ಲವೆಂಬುದು ನಿಜ. ಅಲ್ಲಿಯವನಿಗೆ ಈ ಆಕ್ಷೇಪ ಅಷ್ಟಾಗಿ ತಟ್ಟದು.

ಸಮಾನವಾದ ಎರಡರ ನಡುವೆ ಮನುಷ್ಯ ಹೇಗೆ ಆರಿಸುತ್ತಾನೆ ಎಂಬ ಪ್ರಶ್ನೆ ಕಾರಿಗಿಂತ ತುಂಬ ಹಳೆಯದು. 1111ರಲ್ಲಿ ತೀರಿಕೊಂಡ ಇಮಾಮ್ ಗಝಾಲಿ ತಮ್ಮ 'ತಹಾಫುತುಲ್ ಫಲಾಸಿಫಾ' ಗ್ರಂಥದಲ್ಲಿ ಎರಡು ಖರ್ಜೂರಗಳ ಉದಾಹರಣೆ ಕೊಡುತ್ತಾರೆ. ಎಲ್ಲ ರೀತಿಯಲ್ಲೂ ಒಂದೇ ತೆರನಾದ ಎರಡು ಖರ್ಜೂರಗಳು, ಎರಡೂ ಬೇಕೆನಿಸುವ ಮನುಷ್ಯ, ಆದರೆ ಎರಡನ್ನೂ ತೆಗೆದುಕೊಳ್ಳಲಾಗದ ಸ್ಥಿತಿ. ಆದರೂ ಅವನು ಒಂದನ್ನು ಎತ್ತಿಕೊಳ್ಳುತ್ತಾನೆ. ಸಮಾನವಾದವುಗಳಲ್ಲಿ ಒಂದನ್ನು ಬೇರ್ಪಡಿಸುವ ಗುಣವೇ ಇಚ್ಛೆ ಎಂಬುದು ಗಝಾಲಿಯವರ ವಾದ. (ಯುರೋಪಿನಲ್ಲಿ ಇದೇ ಸಮಸ್ಯೆ ಮುಂದೆ ಎರಡು ಹುಲ್ಲಿನ ರಾಶಿಗಳ ನಡುವೆ ನಿಂತ ಕತ್ತೆಯ ರೂಪದಲ್ಲಿ ಪ್ರಸಿದ್ಧವಾಯಿತು. ನಮಗೇಕೋ ಖರ್ಜೂರವೇ ಹೆಚ್ಚು ಹಿಡಿಸುತ್ತದೆ.)

ಕೊರ್ಡೊವಾದ ಇಬ್ನ್ ರುಶ್ದ್ ಇದನ್ನು ಒಪ್ಪಲಿಲ್ಲ. ಹಸಿದವನು ಈ ಖರ್ಜೂರಕ್ಕಿಂತ ಆ ಖರ್ಜೂರವನ್ನು ಮೇಲೆಂದು ಆರಿಸುತ್ತಿಲ್ಲ, ಯಾವುದನ್ನು ತೆಗೆದುಕೊಂಡರೂ ಅವನ ಉದ್ದೇಶ ಈಡೇರುತ್ತದೆ. ಅವನು ನಿಜವಾಗಿ ಆರಿಸುತ್ತಿರುವುದು ತೆಗೆದುಕೊಳ್ಳುವುದು ಮತ್ತು ಬಿಡುವುದು ಇವೆರಡರ ನಡುವೆ ಎಂದು ಅವರು ಉತ್ತರಿಸಿದರು.

ಇಚ್ಛೆಯ ಬಗ್ಗೆ ಯಾರ ವಾದ ಗೆದ್ದಿತೆಂದು ತೀರ್ಪು ಕೊಡುವ ಯೋಗ್ಯತೆ ನಮಗಿಲ್ಲ. ಆದರೆ ಕಾರಿನಂಗಡಿಯಲ್ಲಿ ನಿಂತವನಿಗೆ ಇಬ್ನ್ ರುಶ್ದ್ ಹೆಚ್ಚು ಉಪಕಾರಿ ಎಂದು ನಮಗನಿಸುತ್ತದೆ. ಪೋರ್ಷೆಯೋ ನಿಸ್ಸಾನೋ ಎಂಬ ಪ್ರಶ್ನೆಯಲ್ಲಿ ಮುಳುಗಿದವನು ತೆಗೆದುಕೊಳ್ಳುವುದೋ ಬಿಡುವುದೋ ಎಂಬ ಮೊದಲ ಪ್ರಶ್ನೆಯನ್ನು ಯಾವಾಗಲೋ ದಾಟಿ ಬಂದಿರುತ್ತಾನೆ, ಅದೂ ಯಾವ ತಕ್ಕಡಿಗೂ ಹಾಕದೆ. ಆಮೇಲಿನ ಅವನ ಶ್ರದ್ಧೆ ಕಡಿಮೆಯದಲ್ಲ. ತಿಂಗಳುಗಟ್ಟಲೆ ಓದುತ್ತಾನೆ, ಸೆಕೆಂಡುಗಳನ್ನು ಎಣಿಸುತ್ತಾನೆ, 50 ಸಾವಿರ ಡಾಲರ್ ಉಳಿಸಿದೆನೆಂದು ಹಿಗ್ಗುತ್ತಾನೆ. 70 ಸಾವಿರ ಖರ್ಚಾದದ್ದು ಆ ಲೆಕ್ಕದಲ್ಲಿ ಕಾಣುವುದಿಲ್ಲ. ಖರ್ಜೂರದ ಮುಂದೆ ನಿಂತವನಿಗೆ ಹಸಿವು ಮೊದಲು ಬಂತು, ಖರ್ಜೂರ ಆಮೇಲೆ. ಇಲ್ಲಿ ಎರಡು ಖರ್ಜೂರಗಳನ್ನು ಹೋಲಿಸುತ್ತ ಹೋಲಿಸುತ್ತಲೇ ಹಸಿವು ಹುಟ್ಟುತ್ತದೆ.

ಹಾಗೆಂದು ಈ ಕಾರುಗಳನ್ನು ಹಣವಂತರ ಹುಚ್ಚು ಎಂದು ತಳ್ಳಿಹಾಕುವುದೂ ನಮಗೆ ಒಪ್ಪಿಗೆಯಿಲ್ಲ. ಎಂಜಿನ್ನನ್ನು ತಪ್ಪಾದ ಜಾಗದಲ್ಲಿಟ್ಟಿದ್ದಾರೆ ಎಂದು ಜಗತ್ತೇ ಹೇಳುತ್ತಿದ್ದರೂ ಅದೇ ಜಾಗದಲ್ಲಿಟ್ಟು ದಶಕಗಳ ಕಾಲ ತಿದ್ದುತ್ತ ಬಂದ ಹಟದಲ್ಲಿ, ಎಂಜಿನ್ ಜೋಡಿಸುವ ಯೊಕೊಹಾಮಾದ ಆ ಕೈಗಳಲ್ಲಿ ಗೌರವಿಸಬೇಕಾದದ್ದು ಇದೆ. 2025ರ ಆಗಸ್ಟಿನಲ್ಲಿ ಕೊನೆಯ ಜಿಟಿ-ಆರ್ ಹೊರಬಂದಾಗ ಹದಿನೆಂಟು ವರ್ಷಗಳಲ್ಲಿ ಒಟ್ಟು ಸುಮಾರು 48 ಸಾವಿರ ಕಾರುಗಳು ತಯಾರಾಗಿದ್ದವು. ಅವುಗಳ ಬಗ್ಗೆ ಓದಿದವರ, ವಾದಿಸಿದವರ ಸಂಖ್ಯೆ ಅದರ ಎಷ್ಟೋ ಪಟ್ಟು. ಕೊಳ್ಳುವ ಶಕ್ತಿ ಅವರಲ್ಲಿ ಹೆಚ್ಚಿನವರಿಗೆ ಇರಲಿಲ್ಲ, ಎಂದೂ ಬರುವುದೂ ಇಲ್ಲ. ಇಂಥವರನ್ನು ನೋಡಿ ನಗುವುದು ಸುಲಭ. ಆದರೆ ಹಿಂದೆ ಎಂಜಿನ್ ಇದ್ದರೆ ತಿರುವಿನಲ್ಲಿ ಏನಾಗುತ್ತದೆ, ಭಾರದ ಕಾರನ್ನು ಗಣಕ ಹೇಗೆ ಹದ್ದಿನಲ್ಲಿಡುತ್ತದೆ ಎಂದು ಅವರು ಕೇಳುವಾಗ ಅವರಿಗೆ ಅಲ್ಲಿ ತೆಗೆದುಕೊಳ್ಳುವಂಥದ್ದು ಏನೂ ಇರುವುದಿಲ್ಲ. ಬಿಡುವ ತೀರ್ಮಾನವನ್ನು ಅವರ ಜೇಬು ಮೊದಲೇ ಮಾಡಿಬಿಟ್ಟಿದೆ. ಎರಡು ಕಾರುಗಳನ್ನು ಕಾರುಗಳಾಗಿಯೇ ನೋಡಿದವರು ಬಹುಶಃ ಅವರೇ.