ಉಪ್ಸಾರಿನ ಆಸೆಯೂ ತಣ್ಹಾನಾ?



ಕಳೆದ ಹುಣ್ಣಿಮೆಯ ದಿನ ತಿ. ನರಸೀಪುರದಲ್ಲಿ ಅಷ್ಟಶೀಲ ತೆಗೆದುಕೊಂಡು ಕೂತಿದ್ದೆವು. ಧ್ಯಾನ ಮುಗಿದ ಮೇಲೆ, ನಮ್ಮ ಬಳಗಕ್ಕೆ ಮೊದಲಿನಿಂದಲೂ ಬರುತ್ತಿರುವ ಹಿರಿಯ ಉಪಾಸಿಕೆಯೊಬ್ಬರು ಎದ್ದು ನಿಂತು ಕೇಳಿದರು: "ಮೇಷ್ಟ್ರೇ, ಮಧ್ಯಾನ ಕಳೆದ್ಮೇಲೆ ಉಣ್ಣಂಗಿಲ್ಲ ಅಂತ ಗೊತ್ತು. ಆದ್ರೆ ಕಣ್ಣು ಮುಚ್ಚಿ ಕೂತ್ರೆ ಉಸುರು ಕಾಣ್ನಿಲ್ಲ ಕನಪ್ಪ, ಉಪ್ಸಾರಿನ ಖಾರವೇ ಕಾಣ್ತಿತ್ತು. ಇದೂ ತಣ್ಹಾನಾ?"

ಎಲ್ಲರೂ ನಕ್ಕರು. ನಾನು ಮೇಷ್ಟ್ರ ಚಾಳಿಯಂತೆ ಪುಸ್ತಕದ ಉತ್ತರ ಕೊಟ್ಟೆ. ಆರು ಇಂದ್ರಿಯಕ್ಕೆ ಆರು ಬಗೆಯ ತಣ್ಹಾ, ಅದರಲ್ಲಿ ರಸತಣ್ಹಾ ಒಂದು, ನಾಲಿಗೆಯ ಆಸೆ ಬಂದಾಗ ಬಂತು ಎಂದು ಗಮನಿಸಿ ಬಿಟ್ಟುಬಿಡಿ ಎಂದೆ. ಆಯಮ್ಮ ತಲೆಯಾಡಿಸಿ ಕೂತರು. ಆದರೆ ನಂಜನಗೂಡಿಗೆ ಬಸ್ಸಿನಲ್ಲಿ ಬರುವಾಗ ಆ ಉತ್ತರ ನನಗೇ ಒಪ್ಪಿಗೆಯಾಗಲಿಲ್ಲ. ತಪ್ಪು ಹೇಳಿದೆ ಅಂತಲ್ಲ. ಹೊಟ್ಟೆ ತುಂಬಿದವರಿಗೆ ಹೇಳಬೇಕಾದದ್ದನ್ನು ಐವತ್ತು ವರ್ಷ ಕಂಡವರ ಹೊಲದಲ್ಲಿ ಕಳೆ ಕಿತ್ತ ಹೆಂಗಸಿಗೆ ಹೇಳಿದೆನಲ್ಲಾ ಅನ್ನಿಸಿತು.

ಉಪ್ಸಾರು ಎಂದರೆ ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಆದರೂ ಪೇಟೆಯಲ್ಲಿ ಹುಟ್ಟಿದ ಮಕ್ಕಳೂ ಇದನ್ನು ಓದುತ್ತಾರೆ, ಅವರಿಗಾಗಿ ಬರೆಯುತ್ತೇನೆ. ಹುರುಳಿಯನ್ನೋ ಅಲಸಂದೆಯನ್ನೋ ಬೆರಕೆಸೊಪ್ಪಿನ ಜೊತೆ ಬರೀ ಉಪ್ಪು ಹಾಕಿ ಬೇಯಿಸಬೇಕು. ಬೆಂದ ನೀರನ್ನು ಬಸಿದುಕೊಂಡರೆ ಅದೇ ಸಾರು. ಕೆಂಡದಲ್ಲಿ ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ನಾಲ್ಕು ಕಾಳು ಮೆಣಸು, ಜೀರಿಗೆ, ಚೂರು ಹುಣಸೆಹಣ್ಣು, ಉಪ್ಪು ಹಾಕಿ ಒರಳಲ್ಲಿ ಅರೆದರೆ ಖಾರ. ಬಸಿದ ಸೊಪ್ಪು ಕಾಳಿಗೆ ಎಣ್ಣೆ ಇದ್ದ ದಿನ ಒಗ್ಗರಣೆ, ಇಲ್ಲದ ದಿನ ಇಲ್ಲ. ಬೆರಕೆಸೊಪ್ಪಿಗೆ ಕಾಸು ಕೊಡಬೇಕಿರಲಿಲ್ಲ. ಕಳೆಗೆ ಹೋದ ಹೆಂಗಸರು ಅಣ್ಣೆ, ಗಣಿಕೆ, ಹೊನಗೊನ್ನೆ ಕಿತ್ತು ಮಡಿಲಿಗೆ ಕಟ್ಟಿಕೊಂಡು ಬರುತ್ತಿದ್ದರು. ಹೊಲದವನ ಲೆಕ್ಕದಲ್ಲಿ ಅದು ಕಳೆ, ನಮ್ಮ ಮನೆಯಲ್ಲಿ ಅದು ಸಾರು. (ಈಗ ಇದೇ ಊಟಕ್ಕೆ ಹೋಟೆಲಿನವರು ನಾಟಿ ಊಟ ಎಂದು ಬೋರ್ಡು ಹಾಕಿ ದುಡ್ಡು ಎಣಿಸಿಕೊಳ್ಳುತ್ತಿದ್ದಾರೆ. ಇರಲಿ.)

ಈ ಅಡುಗೆಯಲ್ಲಿ ನನಗೆ ಬಹಳ ಹಿಡಿಸಿದ್ದು ಒಂದಿದೆ. ಖಾರವನ್ನು ಸಾರಿಗೆ ಬೆರೆಸುವುದಿಲ್ಲ. ತಣಿಗೆಯ ಅಂಚಿಗೆ ಇಡುತ್ತಾರೆ. ನೇಗಿಲು ಹಿಡಿದು ಬಂದವನು ಎರಡು ಬೆರಳು ತುಂಬ ಕಲಸಿಕೊಳ್ಳುತ್ತಾನೆ, ಜ್ವರ ಬಿಟ್ಟ ಮಗು ಬೆರಳ ತುದಿಯಲ್ಲಿ ಮುಟ್ಟಿಕೊಳ್ಳುತ್ತದೆ. ಒಂದೇ ಮಡಕೆಯ ಸಾರು, ಅವರವರ ಅಳತೆ ಅವರವರ ಕೈಯಲ್ಲಿ. ಭಗವಾನರು ಭೋಜನದಲ್ಲಿ ಮತ್ತಞ್ಞುತಾ, ಅಂದರೆ ಅಳತೆಯ ಅರಿವು, ಎಂದು ಮತ್ತೆ ಮತ್ತೆ ಹೇಳಿದ್ದು ಇದಕ್ಕೆ ದೂರವಾದದ್ದಲ್ಲ ಎಂದು ನನ್ನ ಎಣಿಕೆ.

ಸಂಯುತ್ತ ನಿಕಾಯದಲ್ಲಿ ಕೋಸಲದ ಪಸೇನದಿ ರಾಜನ ಪ್ರಸಂಗ ನಿಮಗೆ ನೆನಪಿರಬಹುದು. ಒಂದು ದ್ರೋಣದಷ್ಟು ಅನ್ನ ಉಂಡು ಏದುಸಿರು ಬಿಡುತ್ತಾ ಬುದ್ಧರ ಮುಂದೆ ಬಂದು ಕೂತ. ಅಳತೆ ಅರಿತು ಉಣ್ಣುವವನ ನೋವು ಕಮ್ಮಿಯಾಗುತ್ತದೆ ಎಂಬರ್ಥದ ಗಾಥೆಯೊಂದನ್ನು ಬುದ್ಧರು ಹೇಳಿದರು. ರಾಜ ಸುದಸ್ಸನ ಎಂಬ ಹುಡುಗನಿಗೆ ಅದನ್ನು ಬಾಯಿಪಾಠ ಮಾಡಿಸಿ, ತಾನು ಉಣ್ಣುವಾಗಲೆಲ್ಲ ಹೇಳು ಎಂದು ದಿನಕ್ಕೆ ನೂರು ಕಹಾಪಣ ಗೊತ್ತು ಮಾಡಿದ. ಕ್ರಮೇಣ ಊಟ ಒಂದು ನಾಳಿಗೆ ಇಳಿಯಿತು, ಮೈ ಹಗುರಾಯಿತು. ಸರಿ. ಅದು ರಾಜನಿಗೆ ಹೇಳಿದ ಮಾತು.

ಆಳವಿಯ ರೈತನಿಗೆ ಏನು ಹೇಳಿದರು? ಧಮ್ಮಪದದ ಅಟ್ಠಕಥೆಯಲ್ಲಿದೆ. ಒಬ್ಬ ಬಡ ರೈತ ಕಳೆದುಹೋದ ಎತ್ತನ್ನು ಹುಡುಕಿ ಅಲೆದು, ಹಸಿದು, ತಡವಾಗಿ ಬಂದ. ಬುದ್ಧರು ಅವನಿಗಾಗಿಯೇ ಕಾದಿದ್ದರು. ಬಂದವನಿಗೆ ಮೊದಲು ಧಮ್ಮ ಹೇಳಲಿಲ್ಲ. ಊಟ ಉಳಿದಿದೆಯೇ ಎಂದು ವಿಚಾರಿಸಿ ಅವನಿಗೆ ಬಡಿಸಿ ಎಂದರು. ಅವನು ಉಂಡು ಮನಸ್ಸು ಹದಕ್ಕೆ ಬಂದ ಮೇಲೆ ಮಾತು ಶುರು ಮಾಡಿದರು. ಹಸಿವಿಗಿಂತ ದೊಡ್ಡ ರೋಗವಿಲ್ಲ ಎಂಬ ಅರ್ಥದ ಗಾಥೆ ಹುಟ್ಟಿದ್ದು ಆ ಸಂದರ್ಭದಲ್ಲಿ.

ಪಸೇನದಿಗೆ ಹೇಳಿದ್ದನ್ನು ನಾನು ಆಳವಿಯವಳಿಗೆ ಹೇಳಿದೆ. ನನ್ನ ತಪ್ಪು ಅದು.

ನಮ್ಮ ಜನಕ್ಕೆ ಊಟದ ನೆಮ್ಮದಿ ಎಂಬುದು ಸುಮ್ಮನೆ ನಾಲಿಗೆಯ ವಿಷಯ ಆಗಿರಲೇ ಇಲ್ಲ. 1901ರಲ್ಲಿ ಬಾಲಕ ಭೀಮರಾವ್ ಸತಾರದಿಂದ ಕೋರೆಗಾಂವ್‌ಗೆ ತಂದೆಯನ್ನು ನೋಡಲು ಹೊರಟಾಗ ಬುತ್ತಿಯಲ್ಲಿ ಊಟ ಬೇಕಾದಷ್ಟಿತ್ತು. ಕುಡಿಯಲು ನೀರು ಕೊಡುವವರಿಲ್ಲದೆ ಆ ಮಕ್ಕಳು ಬುತ್ತಿ ಪಕ್ಕದಲ್ಲಿಟ್ಟುಕೊಂಡೇ ಹಸಿದು ಮಲಗಿದರು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಬರೆದಿದ್ದಾರೆ. 1927ರ ಮಾರ್ಚಿಯಲ್ಲಿ ಮಹಾಡದಲ್ಲಿ ಬಿಡಿ ಎಂದು ಅವರು ಹೇಳಿದ್ದು ಸತ್ತ ದನದ ಮಾಂಸವನ್ನು, ಎಸೆದ ಎಂಜಲನ್ನು. ನಮ್ಮ ಒಲೆಯ ಮೇಲೆ ನಾವೇ ದುಡಿದು ಬೇಯಿಸಿದ್ದರ ರುಚಿಯನ್ನು ಬಿಡಿ ಎಂದಲ್ಲ. ಧಮ್ಮಕ್ಕೆ ಬಂದ ಮೇಲೆ ಕೆಲವರು ಮನೆಯ ಅಡುಗೆಗೇ ನಾಚಿ, ನೆಂಟರು ಬಂದರೆ ಮುದ್ದೆ ಬಚ್ಚಿಟ್ಟು ಪಲಾವ್ ಮಾಡುವುದನ್ನು ಕಂಡಿದ್ದೇನೆ. ಆ ನಾಚಿಕೆಯನ್ನು ಶೀಲ ಎಂದು ಕರೆಯಲು ನಾನು ತಯಾರಿಲ್ಲ.

ಅನಾಥಪಿಂಡಿಕನಿಗೆ ಭಗವಾನರು ಗೃಹಸ್ಥರ ನಾಲ್ಕು ಸುಖಗಳನ್ನು ಹೇಳುತ್ತಾರೆ. ಧರ್ಮದಿಂದ ದುಡಿದದ್ದು ಇದೆ ಎಂಬ ಸುಖ, ಅದನ್ನು ಉಣ್ಣುವ ಸುಖ, ಸಾಲವಿಲ್ಲದ ಸುಖ, ದೋಷವಿಲ್ಲದ ಸುಖ. ಎರಡನೆಯದು ಭೋಗಸುಖ. ಹಾಗಾದರೆ ಉಪ್ಸಾರಿಗೆ ಅಪ್ಪಣೆ ಸಿಕ್ಕಿತು ಎಂದು ನಾನು ಖುಷಿಯಾಗಿ ಪುಸ್ತಕ ಮುಚ್ಚುವವನಿದ್ದೆ. ನಾಲ್ಕನೆಯದು ತಡೆಯಿತು. ಅನವಜ್ಜಸುಖ. ನಾನು ಉಂಡ ಉಪ್ಸಾರಿನಲ್ಲಿ ದೋಷವಿರಲಿಲ್ಲವೇ?

ಗಂಗೋತ್ರಿಯಲ್ಲಿ ಎಂ.ಎ. ಓದುವಾಗ ಶನಿವಾರ ಸಂಜೆ ಊರಿಗೆ ಬರುತ್ತಿದ್ದೆ. ಹಾಸ್ಟೆಲ್ ಅನ್ನ ಉಂಡು ಬೇಸತ್ತಿರುತ್ತಿತ್ತು. ಹೊಸ್ತಿಲು ದಾಟುವ ಮೊದಲೇ "ಅವ್ವಾ, ಉಪ್ಸಾರು" ಎನ್ನುತ್ತಿದ್ದೆ. ಅವ್ವ ಆಗತಾನೆ ಹೊಲದಿಂದ ಬಂದಿರುತ್ತಿದ್ದಳು. ಒಲೆ ಹಚ್ಚಿ ಎಸರಿಟ್ಟು, ಮಡಕೆಗೆ ಕವೆಗೋಲು ಕೊಟ್ಟು ಹಿಟ್ಟು ತೊಳಸಿ, ಸುಡುಸುಡು ಮುದ್ದೆ ಕಟ್ಟಿ ಹಾಕುತ್ತಿದ್ದಳು. ನಾನು ಅಪ್ಪ ತಂಗಿ ಕೂತು ಉಣ್ಣುತ್ತಿದ್ದೆವು. ಒಂದು ರಾತ್ರಿ ನೀರು ಕುಡಿಯಲು ಅಡುಗೆಮನೆಗೆ ಹೋದೆ. ಅವ್ವ ಒಲೆಯ ಬೆಳಕಲ್ಲಿ ಉಣ್ಣುತ್ತಿದ್ದಳು. ಅರ್ಧ ಮುದ್ದೆ, ಅದರ ಪಕ್ಕದಲ್ಲಿ ಬರೀ ಖಾರ. ಕಾಳು ಸೊಪ್ಪು ಇರಲಿಲ್ಲ, ಸಾರೂ ಇರಲಿಲ್ಲ. ನಾನು ಎರಡನೇ ಸಲ ಬಡಿಸಿಕೊಂಡಿದ್ದೆ. "ಯಾಕವ್ವ?" ಎಂದರೆ "ನಂಗೆ ಖಾರವೇ ಇಷ್ಟ ಕನ ಮಗ, ಹೋಗು ಮಲೀಕೊ" ಎಂದಳು. ನಾನು ನಂಬಿದೆ. ನಂಬುವುದು ಅನುಕೂಲವಾಗಿತ್ತು.

ಅದೇ ವರ್ಷ ನಾವು ತರಗತಿಯಲ್ಲಿ ದೇವನೂರ ಮಹಾದೇವ ಅವರ 'ಒಡಲಾಳ' ಓದಿದ್ದೆವು. ಕದ್ದು ತಂದ ಕಡಲೆಕಾಯಿಯನ್ನು ಸಾಕವ್ವನ ಮನೆಮಂದಿಯೆಲ್ಲ ಒಟ್ಟಿಗೆ ಕೂತು ತಿನ್ನುವ ಪ್ರಸಂಗದ ಬಗ್ಗೆ ನಾನು ಎರಡು ಪುಟ ಪ್ರಬಂಧ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಹಸಿವಿನ ಬಗ್ಗೆ ಬರೆದವನಿಗೆ ಒಲೆಯ ಮುಂದಿನದು ಕಾಣಲಿಲ್ಲ.

ಅಂಗುತ್ತರ ನಿಕಾಯದಲ್ಲಿ ಊಟ ಕೊಡುವವರು ಐದನ್ನು ಕೊಡುತ್ತಾರೆ ಎಂದಿದೆ: ಆಯುಷ್ಯ, ಕಾಂತಿ, ಸುಖ, ಬಲ, ಪ್ರತಿಭೆ. ನನ್ನ ಎಂ.ಎ.ಯಲ್ಲಿ ಆ ಐದನೆಯದು ಯಾರ ತಣಿಗೆಯಿಂದ ಬಂತು ಎಂದು ಈಗ ಲೆಕ್ಕ ಹಾಕುತ್ತಿದ್ದೇನೆ.

ಶಾಲೆಯ ಬಿಸಿಯೂಟಕ್ಕೂ ಇದೇ ಪ್ರಶ್ನೆ ಬರುತ್ತದೆ. ಬೇಯಿಸಿದ ಊಟವನ್ನೇ ಕೊಡಬೇಕೆಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಹೇಳಿತು. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಿ ಎಂದು 2004ರ ಏಪ್ರಿಲ್ 20ರಂದು ಹೇಳಿತು. ನಾನು ಹಿಂದೆ ಕೆಲಸ ಮಾಡಿದ ಒಂದು ಶಾಲೆಯಲ್ಲಿ ನಮ್ಮವರೇ ಒಬ್ಬ ಅಕ್ಕ ಅಡುಗೆಗೆ ಬಂದ ಮೇಲೆ ಇಬ್ಬರು ಮಕ್ಕಳಿಗೆ ದಿನಾ ಮಧ್ಯಾಹ್ನ ಹೊಟ್ಟೆನೋವು ಶುರುವಾಯಿತು. ಮನೆಯಿಂದ ಡಬ್ಬಿ ಬರತೊಡಗಿತು. ಅಕ್ಕ ಏನೂ ಅನ್ನಲಿಲ್ಲ. ಆದರೆ ಅಕ್ಕಿ ಅಳೆಯುವಾಗ ಆ ಇಬ್ಬರನ್ನೂ ಸೇರಿಸಿಯೇ ಅಳೆಯುತ್ತಿದ್ದಳು. ವರ್ಷ ಪೂರ್ತಿ. ಮಹಾಪರಿನಿಬ್ಬಾನ ಸುತ್ತದಲ್ಲಿ ಚುಂದನ ಊಟ ಉಂಡು ಕಾಯಿಲೆ ಬಿದ್ದ ಭಗವಾನರು, ಚುಂದನ ಮನಸ್ಸಿಗೆ ನೋವಾಗದಂತೆ ನೋಡಿಕೊ ಎಂದು ಆನಂದನಿಗೆ ಹೇಳುತ್ತಾರೆ. ಸಾಯುವ ಹೊತ್ತಿನಲ್ಲಿ ಅಡುಗೆ ಮಾಡಿದವನ ಚಿಂತೆ. ನಾನು ಆ ಅಕ್ಕನನ್ನು ಒಂದು ದಿನವೂ ಕೇಳಲಿಲ್ಲ, ಇದು ಹೇಗಿದೆಯಕ್ಕಾ ನಿನಗೆ ಎಂದು.

ಮುಂದಿನ ಹುಣ್ಣಿಮೆಗೆ ಆ ಹಿರಿಯ ಉಪಾಸಿಕೆಗೆ ಉತ್ತರ ಹೇಳುವುದಕ್ಕಿಂತ ಮೊದಲು ಒಂದು ಪ್ರಶ್ನೆ ಕೇಳಬೇಕೆಂದಿದ್ದೇನೆ. ನೀವು ಕಣ್ಣು ಮುಚ್ಚಿದಾಗ ಕಂಡ ಉಪ್ಸಾರನ್ನು ಯಾರು ಮಾಡಿದ್ದರು ಅವ್ವ? ನಿಮಗೆ ಯಾರಾದರೂ ಮಾಡಿ ಬಡಿಸಿ ಎಷ್ಟು ದಿನವಾಯಿತು?

ಹೋದ ಭಾನುವಾರ ನಾನೇ ಎಸರಿಟ್ಟೆ. ಮೊದಲ ಮುದ್ದೆಯ ಒಳಗೆಲ್ಲ ಗಂಟು, ಹಿಟ್ಟು ಬೆಂದೇ ಇರಲಿಲ್ಲ. ಎರಡನೆಯದು ಪರವಾಗಿಲ್ಲ. ಅವ್ವ ಗೋಡೆಗೆ ಒರಗಿ ಕೂತು, ಕೋಲು ಹಿಡಿಯುವ ನನ್ನ ಕೈ ನೋಡಿ ನಗುತ್ತಿದ್ದಳು. ಕಾಳು ಸೊಪ್ಪನ್ನೆಲ್ಲ ಮೊದಲು ಅವಳ ತಣಿಗೆಗೆ ಹಾಕಿ, ಅಂಚಿಗೆ ಖಾರ ಇಟ್ಟೆ. ಅವಳು ಖಾರವನ್ನು ಬೆರಳಲ್ಲಿ ಆಚೆ ಸರಿಸಿದಳು.

"ಇಷ್ಟೊಂದು ಖಾರ ಯಾವನ್ಲಾ ಉಂಡಾನು?" ಎಂದಳು.

ಜೈಭೀಮ್.